ಡೋರಿನ್‌ಳ ಮೊಮ್ಮಗ

ಅಲ್ ಸದ್ದ್, ದೋಹಾ
18 ಅಕ್ಟೋಬರ್ 2025

ಜಸೀಲಾ,

ಅಸ್ಸಲಾಮು ಅಲೈಕುಂ.

ಇದನ್ನು ಬರೆಯುತ್ತಿರುವವಳು ನಿನ್ನನ್ನು ಹೆತ್ತ ಉಮ್ಮ ಝುಲೈಖಾ, ತೀರಿಹೋದ ನಿನ್ನ ಉಪ್ಪ ಮರ್ಹೂಂ ಸಯೀದ್ ಹಾಜಿಯವರ ಹೆಂಡತಿ, ಉಳ್ಳಾಲದ ಮನೆಯ ಹಿರಿಯ ಸೊಸೆ. ದೋಹಾದಲ್ಲಿರುವ ನಮ್ಮ ಊರವರು ಹೆಣ್ಣು ಕೊಡುವಾಗಲೂ ತರುವಾಗಲೂ ಮೊದಲು ಕೇಳುವುದು ನನ್ನನ್ನು. ನೀನು ಮಾತ್ರ ಯಾವುದನ್ನೂ ಕೇಳಲಿಲ್ಲ. ವಾಯ್ಸ್ ಕಳಿಸಿದರೆ ಅರ್ಧ ಕೇಳಿ ನಿಲ್ಲಿಸುತ್ತೀ, ಅದಕ್ಕೇ ಕಾಗದ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನಿನಗೆ ಕನ್ನಡ ಓದುವುದು ಕಷ್ಟ. ಕಷ್ಟಪಟ್ಟೇ ಓದು.

ಕೆನಡಾದ ಆ ಸಸ್ಕ್ಯಾಚೆವನ್‌ನಲ್ಲಿ ಸರಕಾರದವರು ಡಾರಿಯನ್‌ನನ್ನು ನಿಮಗೆ ಸಾಕಲು ಕೊಟ್ಟಾಗ ನಾನು ಸಂತೋಷಪಟ್ಟೆ. ತಾಯಿ ತೀರಿಹೋದ ಮಗು, ಯಾರೂ ಇಲ್ಲ ಎಂದು ನೀನೇ ಹೇಳಿದ್ದೆ. ಕ್ರೀ ಜನ, ಆ ನೆಲದ ಮೂಲದವರು ಎಂದೂ ಹೇಳಿದ್ದೆ. ಸಾಕಿ ಸುಮ್ಮನಿದ್ದರೆ ಈ ಕಾಗದ ಬೇಕಿರಲಿಲ್ಲ.

ಕಳೆದ ತಿಂಗಳು ನೀನೂ ನಿನ್ನ ಗಂಡ ಸಾಬಿತನೂ ಮಾಡಿದ್ದೇನು? ಹುಟ್ಟಿದ ಏಳನೆಯ ದಿನ ನಾವು ಕೂಸಿಗೆ ಮಾಡುವುದನ್ನು ಆರು ವರ್ಷದ ಹುಡುಗನಿಗೆ ಮಾಡಿದಿರಿ. ಬೆನ್ನಿನವರೆಗಿದ್ದ ಜಡೆ ಬಿಚ್ಚಿ ತಲೆ ಬೋಳಿಸಿದಿರಿ. ಕೂದಲು ತೂಗಿ ಅಷ್ಟು ಬೆಳ್ಳಿಯ ಬೆಲೆ ದಾನ ಕೊಟ್ಟಿರಿ. ಸಯೀದ್ ಎಂದು ಹೆಸರಿಟ್ಟು ವಿಡಿಯೋವನ್ನು ಫೇಸ್‌ಬುಕ್‌ಗೆ ಹಾಕಿದಿರಿ. ಉಪ್ಪನ ಹೆಸರಿಟ್ಟರೆ ಉಮ್ಮನ ಬಾಯಿ ಮುಚ್ಚುತ್ತದೆ ಎಂದುಕೊಂಡೆಯಾ?

ಅದರ ಕೆಳಗೆ ಒಬ್ಬಳು ಬರೆದದ್ದನ್ನು ಕೆಳಮನೆಯ ಎಲಿಜಬೆತ್ ನನಗೆ ಓದಿ ಹೇಳಿದಳು: “ಇವನು ನನ್ನ ಮೊಮ್ಮಗ. ಇವನ ಕೂದಲು ಮುಟ್ಟಲು ನೀವು ಯಾರು?” ನೀನು ಅದನ್ನು ಅಳಿಸಿದೆ. ಅಜ್ಜಿಯೊಬ್ಬಳು ಇದ್ದಾಳೆಂದು ನನಗೆ ತಿಳಿದದ್ದೇ ಆಗ. ಸಾಬಿತನಿಗೆ ಫೋನ್ ಮಾಡಿದೆ. “ಅವರೆಲ್ಲ ಕುಡಿದು ಬೀಳುವ ಜನ ಉಮ್ಮ. ಆ ಮುದುಕಿಗೆ ಎಂತ ಗೊತ್ತುಂಟು? ಖಲಾಸ್, ಹುಡುಗ ಈಗ ನಮ್ಮವ” ಅಂದ. “ಉಳ್ಳಾಲದಲ್ಲಿ ಕುಡಿಯುವವರಿಲ್ವಾ? ಅವರ ಮಕ್ಕಳನ್ನೂ ಎತ್ತಿಕೊಂಡು ಬರ್ತೀಯಾ?” ಎಂದು ಕೇಳಿ ಫೋನ್ ಇಟ್ಟೆ.

ಎಲಿಜಬೆತ್ ಆ ಅಜ್ಜಿಯನ್ನು ಹುಡುಕಿಕೊಟ್ಟಳು. ನಡುವೆ ಕೂತು ಎರಡೂ ಕಡೆಯ ಮಾತು ದಾಟಿಸಿದಳು. ಹೆಸರು ಡೋರಿನ್. ಅವಳನ್ನೂ ಆರನೆಯ ವಯಸ್ಸಿನಲ್ಲಿ, ತಂದೆತಾಯಿ ಬೇಡವೆಂದರೂ ಕೇಳದೆ, ಸರಕಾರದವರು ಪಾದ್ರಿಗಳು ನಡೆಸುವ ವಸತಿ ಶಾಲೆಗೆ ಒಯ್ದರಂತೆ. ಮೊದಲ ದಿನವೇ ಜಡೆ ಕತ್ತರಿಸಿದರು. ತನ್ನ ಭಾಷೆ ಆಡಿದರೆ ಹೊಡೆತ. ಅವಳ ತಮ್ಮ ಅಲ್ಲಿಂದ ಮರಳಲೇ ಇಲ್ಲ. ಆ ಪ್ರಾಂತ್ಯದಲ್ಲಿ ಅಂಥ ಶಾಲೆಗಳಲ್ಲಿ ಕೊನೆಯದನ್ನು ಮುಚ್ಚಿದ್ದು 1996ರಲ್ಲಿ, ನೀನು ಇಲ್ಲಿ ಒಂದನೆಯ ತರಗತಿಯಲ್ಲಿದ್ದಾಗ. ನಾಲ್ಕು ವರ್ಷದ ಹಿಂದೆ ಅಲ್ಲಿನ ಒಂದು ಶಾಲೆಯ ಬಳಿ ಗುರುತಿಲ್ಲದ ನೂರಾರು ಗೋರಿಗಳು ಪತ್ತೆಯಾದವು. ಅವುಗಳಲ್ಲಿ ತಮ್ಮನದೂ ಉಂಟೋ ಇಲ್ಲವೋ ಅವಳಿಗೆ ಇನ್ನೂ ಗೊತ್ತಿಲ್ಲ. ಡಾರಿಯನ್‌ನ ತಾಯಿ ಸಾಯುವವರೆಗೂ ಅವನ ಜಡೆಯನ್ನು ಡೋರಿನ್‌ಳೇ ಹೆಣೆಯುತ್ತಿದ್ದಳಂತೆ.

ಡೋರಿನ್ ಕುಡಿಯುವುದಿಲ್ಲ. ಮಗುವನ್ನು ಅವಳ ಕೈಗೆ ಕೊಡದಿದ್ದುದು ಮನೆಯಲ್ಲಿ ಕೋಣೆ ಸಾಲದೆಂದು. ನಿನ್ನನ್ನು ಹೆತ್ತು ನಾನು ತಂದದ್ದು ಇದೇ ಅಲ್ ಸದ್ದ್‌ನ ಒಂದು ಕೋಣೆಯ ಮನೆಗೆ. ಆಗ ಯಾರಾದರೂ ನಿನ್ನನ್ನು ಒಯ್ಯಲು ಬಂದಿದ್ದರೆ ಕೈ ಕಡಿಯುತ್ತಿದ್ದೆ.

ಸಾಕಿದ ಮಗುವಿಗೆ ಅದರ ತಂದೆಯ ಹೆಸರು ತಪ್ಪಿಸಬಾರದೆಂದು ಮದ್ರಸದ ಮಕ್ಕಳಿಗೂ ಗೊತ್ತು. ದೀನ್, ಧರ್ಮ ಎಂದು ಹೇಳಿಕೊಂಡು ನೀವು ಆ ಶಾಲೆಯವರ ಕೆಲಸ ಮಾಡಿದಿರಿ.

ಮಗುವನ್ನು ಕಾಯಂ ಪಡೆಯಲು ಕುಟುಂಬದ ಹಿರಿಯಳ ಪತ್ರ ಬೇಕೆಂದು ಕೇಳಿದ್ದೆಯಲ್ಲ, ಬರೆಸಿದೆ. ಎಲಿಜಬೆತ್ ಟೈಪ್ ಮಾಡುತ್ತಾ, “ಝುಲೈಖಕ್ಕ, ನೀವು ಬೈದದ್ದನ್ನೆಲ್ಲ ಹಾಕಿದ್ರೆ ಆಫೀಸಿನವರು ಓದುದಿಲ್ಲ, ಸ್ವಲ್ಪ ಖಾರ ಕಡಿಮೆ ಮಾಡಿ” ಅಂದಳು. ಮಾಡಲಿಲ್ಲ. ಈ ಮಗುವಿನ ಮೇಲೆ ನಮ್ಮ ಕುಟುಂಬಕ್ಕೆ ಹಕ್ಕಿಲ್ಲ, ನನ್ನ ಒಪ್ಪಿಗೆಯೂ ಇಲ್ಲ, ಅವನನ್ನು ಡೋರಿನ್‌ಳಿಗೆ ಒಪ್ಪಿಸಿ ಎಂದು ಬರೆಸಿ ಸಹಿ ಹಾಕಿದೆ. ಗುರುವಾರ ನೇರ ಅಲ್ಲಿನ ಆಫೀಸಿಗೇ ಕಳಿಸಿಯಾಯಿತು. ತಲುಪಿದೆ ಎಂದು ಉತ್ತರವೂ ಬಂತು. ನೀನು ಅತ್ತರೂ ಅದು ಬದಲಾಗುವುದಿಲ್ಲ.

ನಿನ್ನ ಉಮ್ಮ,
ಝುಲೈಖಾ

ಇನ್ನೊಂದು ಮಾತು: ಶುಕ್ರವಾರ ಅವನು ಶಾಲೆಗೆ ಹೊರಡುವ ಮೊದಲು ನನಗೆ ಕರೆ ಮಾಡುತ್ತಾನಲ್ಲ, ನಿನ್ನೆ ಆ ಹೊತ್ತಿಗೆ ಫೋನ್ ಆಫ್ ಮಾಡಿಟ್ಟಿದ್ದೆ. ಇನ್ನು ಮುಂದೆ ನನ್ನ ನಂಬರ್ ಒತ್ತಿ ಅವನ ಕೈಗೆ ಕೊಡಬೇಡ. ಒಮ್ಮೆ ಅವನ ದನಿ ಕೇಳಿದರೆ, ಕಳಿಸಿದ ಪತ್ರವನ್ನು ನಾನೇ ಹಿಂದಕ್ಕೆ ಕೇಳಿಬಿಡುತ್ತೇನೆ.