ಹನ್ನೊಂದು ದಿನ ಮೇಜಿನ ಮೇಲಿದ್ದ ಕಡತ

ಇಲಾಖೆಯ ಕೇಂದ್ರ ಕಚೇರಿ, ಮೂರನೇ ಮಹಡಿ
ಗುರುವಾರ, ಜೂನ್ ೧೯

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ವೈದ್ಯರು ಹೇಳಿದ ಮರುದಿನವೇ ನೀವು ಮಹಡಿಗೆ ಹೋಗಿ ನೀರಿನ ಟ್ಯಾಂಕಿನೊಳಗೆ ಇಣುಕಿ ನೋಡುತ್ತಿದ್ದಿರೆಂದು ಅಣ್ಣ ಫೋನಿನಲ್ಲಿ ದೂರು ಹೇಳಿದ. ಅತ್ತಿಗೆ ಮಾತು ಶುರುಮಾಡಿದೊಡನೆ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತೀರಂತೆ. ಮೂವತ್ತೆರಡು ವರ್ಷ ಜೈಲು ವಾರ್ಡರ್ ಆಗಿ ಕಂಡಕಂಡವರ ಗೋಳನ್ನೆಲ್ಲ ಕೇಳಿದ ಕಿವಿ ಈಗ ಕೊಂಚ ರಜೆ ಬೇಡಿದರೆ ತಪ್ಪಿಲ್ಲ ಬಿಡಿ. ಆದರೂ ಊಟದ ಹೊತ್ತಿನಲ್ಲಾದರೂ ಹಾಕಿಕೊಳ್ಳಿ, ಅತ್ತಿಗೆಗೆ ಬೇಜಾರಾಗುತ್ತದೆ. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಮಲಗಿದರೆ ನಿದ್ದೆಯೂ ಬರುತ್ತದೆ. ಬರುತ್ತದಲ್ಲ ಎಂಬುದೇ ನನಗೆ ಸೋಜಿಗ.

ವಾರ್ಡರನ ಮಗಳು ರಾಜ್ಯದ ಜೈಲುಗಳಿಗೆಲ್ಲ ಮುಖ್ಯಸ್ಥೆಯಾದಳೆಂದು ನೀವು ಉದ್ಯಾನದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿ ಎಂಟು ತಿಂಗಳಾಯಿತು. ಈ ಎಂಟು ತಿಂಗಳಲ್ಲಿ ನಾನು ಜೈಲಿನೊಳಗೆ ಕಾಲಿಟ್ಟದ್ದು ಐದೇ ಸಲ. ಉಳಿದದ್ದೆಲ್ಲ ಕಾಗದ. ಎಡಗಡೆಯ ತಟ್ಟೆಯಲ್ಲಿ ಬಂದ ಕಡತ, ಬಲಗಡೆಯದರಲ್ಲಿ ರುಜು ಆದದ್ದು. ಹೋದ ತಿಂಗಳು ಆ ಎಡಗಡೆಯ ತಟ್ಟೆಯಲ್ಲಿ ಒಬ್ಬ ಕೈದಿಯ ಬಿಡುಗಡೆಯ ಕಡತವಿತ್ತು. ಆತ ದರ್ಜಿ, ಜೈಲಿನ ಹೊಲಿಗೆ ವಿಭಾಗದಲ್ಲಿ ಹದಿನಾರು ವರ್ಷ ಉಳಿದ ಕೈದಿಗಳ ಅಂಗಿ ಹೊಲಿದವನು. ಶ್ವಾಸಕೋಶದಲ್ಲಿ ಕ್ಯಾನ್ಸರ್. ಇನ್ನು ಹೆಚ್ಚು ದಿನವಿಲ್ಲ, ಮನೆಗೆ ಕಳುಹಿಸಿ ಎಂದು ವೈದ್ಯರು ಬರೆದಿದ್ದರು. ಸರ್ಕಾರ ಒಪ್ಪಿತ್ತು. ಬಾಕಿ ಇದ್ದದ್ದು ನನ್ನ ರುಜು ಒಂದೇ.

ಕಡತ ಬಂದದ್ದು ಮೇ ಹನ್ನೆರಡಕ್ಕೆ. ನಾನು ರುಜು ಹಾಕಿದ್ದು ಇಪ್ಪತ್ತೆರಡಕ್ಕೆ. ಆ ನಡುವೆ ಮಂತ್ರಿಗಳ ಭೇಟಿಯ ತಯಾರಿ ನಡೆದಿತ್ತು, ಅಪ್ಪಾ. ಜೈಲಿನ ಒಳಗೋಡೆಗೆ ಕೆನೆಬಣ್ಣವೋ ತಿಳಿಹಸಿರೋ ಎಂದು ಎರಡು ದಿನ ಮೀಟಿಂಗ್ ಮಾಡಿದೆವು. ‘ಮಾನವೀಯ ಕಾರಾಗೃಹ’ ಎಂಬ ಭಾಷಣವನ್ನು ನಾಲ್ಕು ಸಲ ತಿದ್ದಿ ಬರೆದೆ. ದರ್ಜಿ ಇಪ್ಪತ್ತನೇ ತಾರೀಖು ಬೆಳಿಗ್ಗೆ ಜೈಲಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಸಾವಿನ ವರದಿಯೂ ಅಂದೇ ನನ್ನ ಮೇಜಿಗೆ ಬಂತು, ಅದಕ್ಕೂ ರುಜು ಹಾಕಿದೆ. ಅದರಲ್ಲಿ ದೊಡ್ಡದಾಗಿ ಇದ್ದದ್ದು ಕೈದಿಯ ಸಂಖ್ಯೆ, ನಾನು ಓದಿದ್ದೂ ಅಷ್ಟನ್ನೇ. ಎರಡು ದಿನ ಬಿಟ್ಟು ಬಿಡುಗಡೆಯ ಆದೇಶಕ್ಕೆ ರುಜು ಹಾಕುವಾಗ ಇಬ್ಬರೂ ಒಬ್ಬನೇ ಎಂದು ನನಗೆ ಹೊಳೆಯಲಿಲ್ಲ. ಆದೇಶ ಕೈಸೇರಿದ ಮೇಲೆ ಜೈಲಿನ ಸೂಪರಿಂಟೆಂಡೆಂಟ್ ಫೋನ್ ಮಾಡಿ, ‘ಮೇಡಂ, ಇವರು ಮೊನ್ನೆ ತೀರಿಕೊಂಡ್ರು. ಈಗ ಏನು ಅಂತ ಬರ್ಕೊಳ್ಳಲಿ?’ ಎಂದು ಕೇಳಿದರು. ಗಾಬರಿಯಾಗಬೇಕಿತ್ತು. ಆಗಲಿಲ್ಲ. ಎದುರಿಗಿದ್ದ ಚಹಾ ಆರಿಹೋಗಿದೆಯಲ್ಲ ಎಂದುಕೊಂಡೆ, ಕುಡಿದೆ.

ಸುದ್ದಿ ಹೊರಬಿದ್ದ ಮೇಲೆ ಸರ್ಕಾರ ವಿಚಾರಣೆಗೆ ನಿವೃತ್ತ ನ್ಯಾಯಾಧೀಶರೊಬ್ಬರನ್ನು ನೇಮಿಸಿತು. ನಮ್ಮ ಉಪನಿರ್ದೇಶಕರು ನನಗಿಂತ ಹತ್ತು ವರ್ಷ ದೊಡ್ಡವರು, ಕೆಟ್ಟವರೇನಲ್ಲ. ಮೊನ್ನೆ ಮಂಗಳವಾರ ಬೆಳಿಗ್ಗೆ ಬಂದು ಬಾಗಿಲು ಮುಂದೆ ಮಾಡಿ, ‘ಕಡತ ನಿಮ್ಮ ಹತ್ರ ಬಂದಿದ್ದೇ ಇಪ್ಪತ್ತೊಂದಕ್ಕೆ ಅಂತ ಮಾಡೋಣ ಮೇಡಂ. ಕೆಳಗಿನ ಗುಮಾಸ್ತನಿಗೆ ಒಂದು ಮೆಮೊ ಕೊಟ್ರೆ ಮುಗೀತು. ಅವನೂ ಬೇಜಾರು ಮಾಡ್ಕೊಳ್ಳಲ್ಲ, ಒಂದು ಬಡ್ತಿ ತಡವಾಗುತ್ತೆ ಅಷ್ಟೆ’ ಎಂದರು. ನಾನು ನೋಡೋಣ ಎಂದೆ. ಅರ್ಧ ಗಂಟೆಯಲ್ಲಿ ಮೆಮೊ ಟೈಪಾಗಿ ಬಂತು. ಓದಿದೆ. ಅದರಲ್ಲಿ ‘ವಿಳಂಬ’ ಎಂಬುದನ್ನು ‘ವಿಲಂಬ’ ಎಂದು ಬರೆದಿದ್ದರು. ಅದನ್ನು ತಿದ್ದಿ, ಊಟವಾದ ಮೇಲೆ ರುಜು ಹಾಕಿದರಾಯಿತೆಂದು ಪಕ್ಕಕ್ಕಿಟ್ಟೆ. ನಿಮ್ಮ ಮಗಳು ಆಗ ಮಾಡಿದ್ದು ಅದೊಂದೇ ಕೆಲಸ, ಅಕ್ಷರ ತಿದ್ದಿದ್ದು.

ಎರಡು ಗಂಟೆಗೆ ದರ್ಜಿಯ ಮಗಳು ಬಂದಳು. ಬಸ್ ಕಂಡಕ್ಟರ್, ಡ್ಯೂಟಿಯ ನಡುವೆ ಬಂದಿದ್ದರಿಂದ ಸಮವಸ್ತ್ರದಲ್ಲೇ ಇದ್ದಳು, ಟಿಕೆಟ್ ಚೀಲ ಹೆಗಲಲ್ಲಿತ್ತು. ಅವಳಪ್ಪ ಬದುಕಿದ್ದಾಗ ಮೂರು ಸಲ ಬಂದಿದ್ದಳಂತೆ. ಮೂರು ಸಲವೂ ಮೇಡಂ ಮೀಟಿಂಗ್‌ನಲ್ಲಿದ್ದಾರೆ ಎಂದು ಹೇಳಿ ಕಳುಹಿಸಿದ್ದರಂತೆ. ಸುಳ್ಳಲ್ಲ, ನಾನು ಗೋಡೆಯ ಬಣ್ಣ ಆರಿಸುತ್ತಿದ್ದೆ. ಅಳುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕುರ್ಚಿಯ ಅಂಚಿಗೆ ಕೂತು, ‘ಜಗಳಕ್ಕೆ ಬಂದಿಲ್ಲ ಮೇಡಂ. ನೀವು ರುಜು ಹಾಕೋದನ್ನ ಒಂದ್ಸಲ ನೋಡ್ಬೇಕಿತ್ತು’ ಎಂದಳು. ಯಾಕೆಂದು ಕೇಳಿದೆ. ‘ಎಷ್ಟು ಹೊತ್ತು ಹಿಡಿಯುತ್ತೆ ಅಂತ’ ಎಂದಳು.

ಖಾಲಿ ಹಾಳೆ ಎಳೆದುಕೊಂಡು ರುಜು ಹಾಕಿದೆ. ಮತ್ತೇನು ಮಾಡಬೇಕೆಂದು ತೋಚಲಿಲ್ಲ. ಅವಳು ಹಾಳೆಯನ್ನೂ ನನ್ನ ಕೈಯನ್ನೂ ನೋಡಿದಳು. ‘ಇಷ್ಟೇನಾ’ ಎಂದಳು. ಚೀಲ ಸರಿಮಾಡಿಕೊಂಡು, ಮೂರಕ್ಕೆ ಬಸ್ ಹೊರಡುತ್ತದೆ ಎಂದು ಎದ್ದು ಹೋದಳು. ಹೋಗುವಾಗ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ತಳ್ಳಿಟ್ಟಳು. ಆಮೇಲೆ ನಾನು ಐದು ಗಂಟೆಯವರೆಗೂ ಏಳಲಿಲ್ಲ. ದುಃಖವೇ ಎಂದು ಕೇಳಿದರೆ ಹೌದೆನ್ನಲಾರೆ. ಜೋಮು ಹಿಡಿದ ಕಾಲಿರುತ್ತದಲ್ಲ, ಚಿವುಟಿದರೂ ಬೇರೆ ಯಾರದೋ ಕಾಲಿನಂತೆ, ಹಾಗೆ.

ಇಲ್ಲಿ ಉಳಿದದ್ದೆಲ್ಲ ಎಂದಿನಂತೆ. ಅಣ್ಣನ ಮಗಳ ಪರೀಕ್ಷೆ ಮುಗಿಯಿತೇ? ಅವಳಿಗೆ ನನ್ನ ಮುದ್ದು, ಅತ್ತಿಗೆಯನ್ನು ಕೇಳಿದೆನೆಂದು ಹೇಳಿ. ಮಾತ್ರೆಯನ್ನು ಮರೆತಂತೆ ನಟಿಸಬೇಡಿ. ನಿಮ್ಮ ಕಾಲಿಗೆ ನಮಸ್ಕರಿಸಿ ನಿಲ್ಲಿಸುತ್ತೇನೆ.

ನಿಮ್ಮ
ಮಗಳು

ಮರೆತಿದ್ದೆ: ಮೆಮೊ ಹರಿದುಹಾಕಿದೆ. ಹನ್ನೊಂದು ದಿನವೂ ಕಡತ ನನ್ನ ಮೇಜಿನ ಮೇಲೇ ಇತ್ತು, ಬೇರಾರ ತಪ್ಪೂ ಇಲ್ಲ ಎಂದು ನಿನ್ನೆ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟೆ. ಇವತ್ತು ಬೆಳಿಗ್ಗೆ ನನ್ನನ್ನು ಅಮಾನತು ಮಾಡಿದ್ದಾರೆ. ಈ ಪತ್ರ ಸೇರುವಷ್ಟರಲ್ಲಿ ಪೇಪರಿನಲ್ಲಿ ಬಂದಿರುತ್ತದೆ. ಅಣ್ಣ ಬಚ್ಚಿಟ್ಟರೆ ಕೇಳಿ ಇಸಿದುಕೊಂಡು ಓದಿ. ಉದ್ಯಾನದಲ್ಲಿ ನನ್ನ ಪರವಾಗಿ ಯಾರ ಹತ್ತಿರವೂ ವಾದಿಸಬೇಡಿ. ಫೋನ್ ಬೇಡ, ನಿಮ್ಮ ಕೈಯಾರೆ ಎರಡು ಸಾಲು ಬರೆಯಿರಿ. ಸಮಾಧಾನ ಹೇಳಬೇಡಿ ಅಪ್ಪಾ, ಬೈದು ಬರೆಯಿರಿ. ಇಲ್ಲಿ ಎಲ್ಲರೂ ಸಮಾಧಾನವನ್ನೇ ಹೇಳುತ್ತಿದ್ದಾರೆ.