ಮಗೇಸಾನ ಇನ್ನೊಬ್ಬ ಹೆಂಡತಿ

ಮಾರ್ಚ್ ೪, ಸೋಮವಾರ

ಈಚಲು ಗರಿ ಇನ್ನೂ ಒಣಗಿಲ್ಲ. ಹೀಗೇ ಹೆಣೆದರೆ ಟೋಪಿ ಬೂಷ್ಟು ಹಿಡಿಯುತ್ತದೆ. ಆದರೆ ಹುಟ್ಟಿನಿಂದಲೇ ಮೈಯಲ್ಲಿ ಬಣ್ಣವಿಲ್ಲದ ನಮ್ಮ ಬಿಳಿ ಮಕ್ಕಳಿಗೆ ಶಾಲೆಗೆ ಹಾಕಿಕೊಂಡು ಹೋಗಲು ಈ ವಾರವೇ ಬೇಕು. ಕೆಂಪು ಬಣ್ಣ ಕಾಯಿಸಿಟ್ಟು ಬಂದೆ. ಕೈ ತೊಳೆದಷ್ಟೂ ಕೆಂಪು.

ಲಿಯೊಕಾಡಿಯಾ ಅಜ್ಜಿ ಬೈದಳು. ಬಿಳಿ ಮಕ್ಕಳ ತಾಯಂದಿರ ಈ ಹೆಣಿಗೆ ಸಂಘ ಶುರು ಮಾಡಿದವಳು, ಬೈಯುವ ಹಕ್ಕಿದೆ. "ಅಂಚು ಇಷ್ಟೇ ಇಷ್ಟು ಬಿಟ್ಟಿದ್ದೀಯಲ್ಲೇ! ಬಿಸಿಲೇನು ನಿನ್ನ ನೆಂಟನಾ, ಒಳಗೆ ಕರೆಯೋಕೆ?" ಬಿಚ್ಚಿ ಮತ್ತೆ ಹೆಣೆದೆ.

ನನ್ನ ಮಗಳು ನ್ಯಂಜುರಳಿಗೆ ಬೋರ್ಡು ಕಾಣುವುದಿಲ್ಲವಂತೆ. ಮೇಷ್ಟ್ರಿಗೆ ಹೇಳಿ ಮುಂದಿನ ಬೆಂಚಿಗೆ ಕೂರಿಸಬೇಕು.

ಮಾರ್ಚ್ ೭, ಗುರುವಾರ

ಜೆನೆರೋಜಾ ಬಂದಿದ್ದಳು. ಮಗೇಸಾ ನನ್ನನ್ನು ಬಿಟ್ಟ ಮೇಲೆ ಕಟ್ಟಿಕೊಂಡವಳು. ನಾನ್ಸಿಯೋ ಸಂತೆಯಲ್ಲಿ ಎದುರಾದರೆ ದಾರಿ ಬದಲಿಸುತ್ತಿದ್ದೆ. ಇವತ್ತು ಸಂಘದ ಬಾಗಿಲಲ್ಲೇ ನಿಂತಿದ್ದಾಳೆ. ಬೆನ್ನಿಗೆ ಕಟ್ಟಿದ್ದ ಕಂಗಾ ಬಟ್ಟೆ ಬಿಚ್ಚಿ ಮಗುವನ್ನು ಮುಂದಕ್ಕೆ ತಂದಳು.

ಬಿಳಿ ಮಗು. ಗಂಡು. ಕಿವಿ ಎರಡೂ ಬಿಸಿಲಿಗೆ ಸುಟ್ಟು ಗುಳ್ಳೆ.

"ಅವ್ರು ಮಗು ಮುಖ ನೋಡಿದ್ರು, ಬಿಟ್ಟು ಹೋದ್ರು. ನನ್ನ ಹೊಟ್ಟೇಲಿ ಶಾಪ ಇದೆಯಂತೆ."

ಅದೇ ಮಾತು. ಮಗಳು ಹುಟ್ಟಿದಾಗ ನನಗೂ ಅವನಿಂದ ಅದೇ ಮಾತು.

ಅಜ್ಜಿ ಬಿಡಲಿಲ್ಲ. "ಈ ಗುಣ ಅಪ್ಪ ಅಮ್ಮ ಇಬ್ಬರಿಂದಲೂ ಬಂದ್ರೇನೇ ಮಗು ಹೀಗಾಗೋದು ಅಂತ ನರ್ಸಮ್ಮ ಹೇಳಿಲ್ವಾ? ಎರಡು ಹೊಟ್ಟೆಗೂ ಒಬ್ಬನೇ ಗಂಡ. ಈಗ ಅವನು ಯಾವ ಬಾಯಲ್ಲಿ ಮಾತಾಡ್ತಾನೆ?"

ಹೆಂಗಸರೆಲ್ಲ ನಕ್ಕರು. ಜೆನೆರೋಜಾ ಕೂಡ ಅಳುತ್ತಲೇ ನಕ್ಕಳು. ಇಷ್ಟು ವರ್ಷ ನಾನು ಕಾದಿದ್ದು ಇದಕ್ಕೇ — ತಪ್ಪು ನನ್ನದೊಬ್ಬಳದೇ ಅಲ್ಲ ಎಂದು ಊರು ಹೇಳಲಿ ಅಂತ. ಹೇಳಿತು. ನನಗೆ ಮಾತ್ರ ನಗು ಬರಲಿಲ್ಲ. ಆ ಕಿವಿಗಳೇ ಕಾಣುತ್ತಿದ್ದವು.

ಹೊಸಬರು ಸೇರಬೇಕಾದರೆ ಎಲ್ಲರೂ ಒಪ್ಪಬೇಕು. ಉಳಿದವರು ಒಪ್ಪಿದರು. ಅಜ್ಜಿ ನನ್ನ ಕಡೆ ತಿರುಗಿದಳು. "ನೀನು ಬೇಡ ಅಂದ್ರೆ ಬೇಡ. ಯಾಕೆ ಅಂತ ಯಾರೂ ಕೇಳಲ್ಲ."

ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಅಷ್ಟು ದೂರ ನಡೆದು ಬಂದವಳಿಗೆ ಒಂದು ಲೋಟ ನೀರೂ ಕೊಡಲಿಲ್ಲ.

ಮಾರ್ಚ್ ೮

ನ್ಯಂಜುರ ಶಾಲೆಯಿಂದ ಓಡುತ್ತಲೇ ಬಂದಳು.

"ಅಮ್ಮ, ನನಗೊಬ್ಬ ತಮ್ಮ ಇದ್ದಾನಂತೆ. ನನ್ನ ಥರಾನೇ ಅಂತೆ. ನಿಜಾನಾ?"

ಹೌದು ಎಂದೆ.

"ಅವನಿಗೆ ಬಿಸಿಲಿನ ಕ್ರೀಮು ಯಾರು ಹಚ್ತಾರೆ?"

ಒಲೆ ಊದಲು ಬಗ್ಗಿದೆ. ಒಲೆ ಉರಿಯುತ್ತಲೇ ಇತ್ತು...

ಮಾರ್ಚ್ ೯, ಶನಿವಾರ

ಬೆಳಿಗ್ಗೆಯೇ ಬೆಸ್ತರ ಕೇರಿಗೆ ಹೋದೆ. ಸಣ್ಣ ಮೀನು ಒಣಹಾಕಿದ ಮರಳಿನ ಆಚೆ ಜೆನೆರೋಜಾಳ ಗುಡಿಸಲು. ಪಕ್ಕದ ಮಕ್ಕಳು ನನ್ನನ್ನು ಕಂಡು, "ಜೆರುಜೆರು ಮನೆ ಅದೇ!" ಎಂದು ಕೂಗಿದವು. ನನ್ನ ಮಗಳನ್ನೂ ಹಾಗೇ ಕೂಗುತ್ತಾರೆ, ದೆವ್ವವನ್ನು ಕಂಡ ಹಾಗೆ.

ಹಗಲಲ್ಲೂ ಒಳಗಿಂದ ಅಗುಳಿ. ನನ್ನ ದನಿ ಕೇಳಿ ತೆಗೆದಳು.

"ನಿನ್ನೆ ಇಬ್ರು ಗಂಡಸರು ಬಂದಿದ್ರು. ಗುರುತಿನವರಲ್ಲ. ಮಗು ತೋರಿಸು, ದುಡ್ಡು ಕೊಡ್ತೀವಿ ಅಂದ್ರು."

ಬಿಳಿ ಮಕ್ಕಳ ಮೂಳೆಯನ್ನು ಮಾಟಕ್ಕೆ ಕೊಳ್ಳುವವರಿದ್ದಾರೆ. ಅಂಥವರು ಯಾತಕ್ಕೆ ಬರುತ್ತಾರೆಂದು ಈ ದ್ವೀಪದಲ್ಲಿ ಯಾವ ತಾಯಿಗೂ ಹೇಳಿಕೊಡಬೇಕಿಲ್ಲ.

"ಏಳು. ಹೊರಡು."

"ಎಲ್ಲಿಗಕ್ಕಾ?"

"ಅಕ್ಕ ಗಿಕ್ಕ ಅನ್ಬೇಡ. ಮಗೂನ ಎತ್ಕೋ. ಪಾತ್ರೆ ಪಗಡೆ ಆಮೇಲೆ ತರಿಸೋಣ."

ಮೊದಲು ಠಾಣೆಗೆ ಹೋಗಿ ಹೇಳಿದೆವು. ಆಮೇಲೆ ಅಜ್ಜಿಯ ಹತ್ತಿರ ಹೋಗಿ ಹೂಂ ಎಂದೆ.

ಏಪ್ರಿಲ್ ೨

ಬರೆಯಲು ಜಾಗವೇ ಇಲ್ಲ. ನನ್ನ ಮನೆಯಲ್ಲಿ ಇರುವುದು ಒಂದು ಕೋಣೆ, ಈಗ ನಾಲ್ಕು ಜನ. ಜೆನೆರೋಜಾ ಗೊರಕೆ ಹೊಡೆಯುತ್ತಾಳೆ. ಅವಳು ಮಾಡುವ ಉಗಾಲಿ ಮುದ್ದೆ ಗಂಟುಗಂಟು. ಅವಳು ಹೆಣೆದ ಬುಟ್ಟಿಯನ್ನು ನೋಡಿ ಅಜ್ಜಿ, "ಇದೇನೇ, ಕುಡಿದು ಬಂದ ಹಾಗೆ ಕೂತಿದೆ?" ಎಂದಳು. ಪಾಪ, ಬಿಚ್ಚಿ ಬಿಚ್ಚಿ ಬೆರಳು ಹರಿದುಕೊಂಡಿದ್ದಾಳೆ.

ಮಗುವಿನ ಕಿವಿ ಮಾಯ್ದಿದೆ. ನ್ಯಂಜುರ ತನ್ನ ಕೈಯನ್ನು ಅವನ ಕೈ ಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು. "ಅಮ್ಮ, ನಮ್ಮನೇಲಿ ಈಗ ನಾನೊಬ್ಬಳೇ ಅಲ್ಲ."

ಬಿಂದಿಗೆ ತುಂಬಿತ್ತು. ಆದರೂ ನೀರು ತರುತ್ತೇನೆಂದು ಹೊರಗೆ ಹೋದೆ.

ಮೇ ೧೯, ಭಾನುವಾರ, ಸಂಜೆ

ಮಗೇಸಾ ಬಂದಿದ್ದ.

ಚರ್ಚು ಮುಗಿಸಿ ಸಂಘದ ಅಂಗಳದಲ್ಲಿ ಗರಿ ಸೀಳುತ್ತಿದ್ದೆವು. "ಅಮ್ಮ, ಯಾರೋ ಬಂದಿದ್ದಾರೆ" ಎಂದಳು ನ್ಯಂಜುರ. ಯಾರೆಂದು ತಿಳಿಯದೆ ಸ್ಟೂಲು ಹಾಕಿ ಕೂರಿಸಿದ್ದಾಳೆ. ಅವನ ತೊಡೆಯ ಮೇಲೆ ಒಂದು ದೊಡ್ಡ ಮೀನು, ಕಾಗದದಲ್ಲಿ ಸುತ್ತಿಕೊಂಡು.

ಜೆನೆರೋಜಾ ನನ್ನ ಮುಖ ನೋಡಿದಳು. ಇಬ್ಬರೂ ಎದ್ದು ಹೋದೆವು. ಅವನೂ ಎದ್ದು ನಿಂತ. ಸೊರಗಿದ್ದಾನೆ.

"ಮಗೂನ ಕರ್ಕೊಂಡು ಹೋಗೋಕೆ ಬಂದೆ" ಎಂದ ಅವಳಿಗೆ. "ನೀನೂ ಬಾ. ಏನೇ ಆಗ್ಲಿ, ಗಂಡು ಮಗು. ನನ್ನ ಮಗ."

"ಅವನು ಇಲ್ಲೇ ಬೆಳೀತಾನೆ, ಅಕ್ಕನ ಹತ್ರ. ನೋಡ್ಬೇಕು ಅನ್ನಿಸಿದ್ರೆ ಬನ್ನಿ, ನೋಡ್ಕೊಂಡು ಹೋಗಿ." ಜೆನೆರೋಜಾ ತಲೆ ಎತ್ತಲಿಲ್ಲ. ಆದರೂ ಪೂರ್ತಿ ಹೇಳಿದಳು.

ಅವನು ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೇ ಇವಳಿಗೆ" ಎಂದ!

ಇಷ್ಟು ವರ್ಷ ಮನಸ್ಸಿನಲ್ಲಿ ಜೋಡಿಸಿಟ್ಟ ಮಾತು ಒಂದೂ ನೆನಪಾಗಲಿಲ್ಲ. "ಅವನು ನಿನ್ನ ಮಗ, ಸರಿ. ಇಲ್ಲಿ ನಿಂತಿದ್ದಾಳಲ್ಲ ಈ ಹುಡುಗಿ, ಇವಳ ಹೆಸರೇನು ಹೇಳು" ಎಂದೆ.

ಹೆಸರಿಡುವ ಮೊದಲೇ ಹೋದವನು. ಗೊತ್ತಿಲ್ಲವೋ, ಹೇಳಲು ನಾಚಿಕೆಯೋ. ನೆಲ ನೋಡಿದ.

ನ್ಯಂಜುರ ಅವನ ಹತ್ತಿರ ಹೋದಳು, ಮುಖ ಕಾಣುವಷ್ಟು ಹತ್ತಿರ.

"ನ್ಯಂಜುರ ಅಂತ. ಮಳೇಲಿ ಹುಟ್ಟಿದ್ದಕ್ಕೆ ಈ ಹೆಸರು. ನೀವು ಯಾರು?"

ಅವನು ಮೀನಿನ ಕಾಗದ ಸರಿಮಾಡಿಕೊಂಡ. "ಮಗೇಸಾ" ಎಂದ. ಅಪ್ಪ ಅನ್ನಲಿಲ್ಲ.

"ಗೊತ್ತಾಯ್ತು" ಎಂದಳು. "ಕೂತ್ಕೊಳ್ಳಿ. ನೀರು ತರ್ತೀನಿ."

ತಂದು ಕೊಟ್ಟಳು. ಮೀನನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡ, ಕುಡಿದು ಒಬ್ಬನೇ ಹೊರಟ.