ಅಂಗಡಿ ಮಾವನ ಜೀರಿಗೆ

ನವೆಂಬರ್ ೯

ಪ್ರೀತಿಯ ಗುಬ್ಬಿ,

ನೀನೂ, ನಿನ್ನ ಮನೆಯವರೂ, ಆ ಪುಟ್ಟ ಕೂಸೂ ನೆಮ್ಮದಿಯಾಗಿದ್ದೀರಿ ಎಂದುಕೊಂಡೇ ಈ ಕಾಗದ ಶುರುಮಾಡುತ್ತಿದ್ದೇನೆ. ನಿನ್ನ ಎರಡು ಕಾಗದಗಳು ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ಉತ್ತರ ಬರೆಯದ್ದಕ್ಕೆ ಬೈದುಕೋ, ಆದರೆ ಮುನಿಸಿಕೊಳ್ಳಬೇಡ. ಫೋನಿನಲ್ಲಿ ಮಾತಾಡಿದಾಗಲೆಲ್ಲ "ಎಲ್ಲ ಚೆನ್ನಾಗಿದೆ ಕಣೇ" ಅಂದುಬಿಟ್ಟೆ. ಎರಡು ಕೋಣೆಯ ಮನೆ, ನಿನ್ನ ಭಾವ ಅಲ್ಲೇ ಸೋಫಾದ ಮೇಲೆ ಕೂತಿರುತ್ತಾರೆ, ಮತ್ತೇನು ಹೇಳಲಿ? ಇವತ್ತು ಹೊರಗೆ ಹೋಗಿದ್ದಾರೆ. ಅಡುಗೆಮನೆಯ ಕಿಟಕಿ ಪಕ್ಕ ಸ್ಟೂಲ್ ಎಳೆದುಕೊಂಡು ಬರೆಯುತ್ತಿದ್ದೇನೆ.

ಕೂಸಿನ ಫೋಟೋ ನೋಡಿದೆ. ಥೇಟ್ ನಮ್ಮ ಅಪ್ಪನ ಮೂಗು. ಹೆಣ್ಣುಮಗುವಿಗೆ ಹೋಗಿ ಹೋಗಿ ಆ ಮೂಗು ಅಂಟಿಸಿದ್ದೀಯಲ್ಲೇ, ಬೇರೆ ಯಾರದ್ದೂ ಸಿಗಲಿಲ್ಲವಾ?

"ಅಷ್ಟು ಖುಷಿಯಿಂದ ಸೇರಿದ ಅಂಗಡಿ ಕೆಲಸ ಯಾಕೆ ಬಿಟ್ಟೆ" ಎಂದು ಕೇಳಿದ್ದೀಯ. ಹೇಳುತ್ತೇನೆ. ಊಟ ಮಾಡುತ್ತಾ ಮಾತ್ರ ಓದಬೇಡ.

ಈ ದೇಶಕ್ಕೆ ಬಂದ ಹೊಸದರಲ್ಲಿ ನಮ್ಮ ಅಡುಗೆಗೆ ಬೇಕಾದ್ದು ಒಂದೂ ಸಿಗುತ್ತಿರಲಿಲ್ಲ. ದೊಡ್ಡ ದೊಡ್ಡ ಅಂಗಡಿಗಳೇನೋ ಇವೆ, ಒಳಗೆ ಹೋದರೆ ದಾರಿ ತಪ್ಪುವಷ್ಟು ದೊಡ್ಡವು. ಅಲ್ಲಿ ಮೆಣಸನ್ನು ಔಷಧಿಯ ಹಾಗೆ ಪುಟ್ಟ ಸೀಸೆಯಲ್ಲಿ ಇಟ್ಟಿರುತ್ತಾರೆ. ಹುಣಸೆಹಣ್ಣು ಕೇಳಿದರೆ ಸಕ್ಕರೆ ಹೊರಳಿಸಿದ ಮಿಠಾಯಿ ಕೊಟ್ಟರು. ಇಂಗಿಗೆ ಇಲ್ಲಿಯವರ ಭಾಷೆಯಲ್ಲಿ ಏನನ್ನುತ್ತಾರೋ ಗೊತ್ತಿಲ್ಲದೆ, "ತುಂಬಾ ವಾಸನೆ ಬರುತ್ತೆ, ಎಣ್ಣೆಗೆ ಒಂದು ಚಿಟಿಕೆ ಹಾಕ್ತೀವಿ" ಎಂದು ಕೈಸನ್ನೆ ಮಾಡಿ ವಿವರಿಸಿದೆ. ಆ ಹುಡುಗಿ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಪಾಪ, ನನ್ನನ್ನು ಇಲಿ ಪಾಷಾಣ ಇಟ್ಟಿದ್ದ ಕಪಾಟಿನ ಮುಂದೆ ನಿಲ್ಲಿಸಿದಳು. ನಗಬೇಡ. ಆವತ್ತು ನನಗೆ ಅಳು ಬಂದಿತ್ತು.

ಹೀಗಿರುವಾಗ ಅಂಗಡಿ ಮಾವ ಸಿಕ್ಕರು. ನಮ್ಮ ಕಡೆಯವರೆಲ್ಲ ಅವರನ್ನು ಕರೆಯುವುದೇ ಹಾಗೆ. ಬಟ್ಟೆ ಒಗೆಯುವ ಲಾಂಡ್ರಿಯ ಕೆಳಗೆ, ನೆಲಮಾಳಿಗೆಯಲ್ಲಿ ಅವರ ಅಂಗಡಿ. ಮೆಟ್ಟಿಲು ಇಳಿಯುತ್ತಿದ್ದ ಹಾಗೇ ಮೆಂತ್ಯ, ಧನಿಯಾ, ಒಣಮೆಣಸಿನಕಾಯಿ ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಕಾಲು ಅಲ್ಲೇ ನಿಂತುಬಿಟ್ಟಿತು. ಮಾವ ಹಣೆಯ ಬೆವರೊರೆಸಿಕೊಂಡು, "ಬಾಮ್ಮ ಬಾ, ತವರುಮನೆಗೆ ಬಂದೆ ಅಂದ್ಕೋ" ಅಂದರು. ಬಾಯಿ ತುಂಬಾ ಮಾತು. ಯಾರ ಮನೆಯಲ್ಲಿ ಏನು ಕಾರ್ಯವಾದರೂ ಸಾಮಾನು ಅವರದೇ, ಮುಂದಿನ ಕುರ್ಚಿಯೂ ಅವರದೇ. ಹಿಂದಿನ ಕೋಣೆಯಲ್ಲಿ ಪೊಟ್ಟಣ ಕಟ್ಟಲು ಜನ ಬೇಕು ಎಂದಾಗ ನಾನು ಕುಣಿದುಕೊಂಡು ಒಪ್ಪಿದೆ.

ಇನ್ನು ಆ ಹಿಂದಿನ ಕೋಣೆಯ ವಿಷಯ.

ಕಿಟಕಿಯಿಲ್ಲ. ಗೋಡೆಯಿಂದ ನೀರು ಜಿನುಗುತ್ತದೆ. ಹಡಗಿನಲ್ಲಿ ಯಾವ ಕಾಲದಲ್ಲೋ ಹೊರಟ ಮೂಟೆಗಳು ಅಲ್ಲಿ ಬಿದ್ದಿರುತ್ತವೆ. ಬೇಳೆಯ ಮೂಟೆ ಬಿಚ್ಚಿದರೆ ಬೇಳೆಯೇ ನಡೆದಾಡುತ್ತಿದೆಯೇನೋ ಅನ್ನುವಷ್ಟು ಹುಳು. ಅದನ್ನು ಜರಡಿ ಹಿಡಿದು, ಮೇಲೆ ಒಂದಿಷ್ಟು ಎಣ್ಣೆ ಸವರಿ ಮಿರಮಿರ ಮಿಂಚಿಸುವುದು ನನ್ನ ಕೆಲಸ. ಬೂಸ್ಟು ಹಿಡಿದ ಕೊಬ್ಬರಿಯನ್ನು ಬಿಸಿನೀರಿನಲ್ಲಿ ಉಜ್ಜಿ ಒಣಗಿಸಬೇಕು. ಬೆಲ್ಲಕ್ಕೆ ಅಂಟಿ ಸತ್ತ ಜಿರಳೆಯನ್ನು ಚಾಕುವಿನಿಂದ ಕೆತ್ತಿ ತೆಗೆಯಬೇಕು, ಮೀಸೆ ಸಮೇತ. ಅವಧಿ ಮುಗಿದ ಪೊಟ್ಟಣಗಳ ಮೇಲಿನ ತಾರೀಖನ್ನು ಉಗುರುಬಣ್ಣ ಅಳಿಸುವ ನೀರಿನಿಂದ ಒರೆಸಿ ಹೊಸದು ಒತ್ತಬೇಕು. ನನ್ನ ಜತೆ ಕೆಲಸ ಮಾಡುತ್ತಿದ್ದ ಹೆಂಗಸು ಮೂಗಿಗೆ ಸೆರಗು ಕಟ್ಟಿಕೊಂಡು, "ರೂಢಿಯಾಗುತ್ತೆ ಬಿಡು" ಅನ್ನುತ್ತಿದ್ದಳು. ಸಂಜೆ ಮನೆಗೆ ಬಂದು ಎಷ್ಟು ಸೋಪು ಹಚ್ಚಿದರೂ ಕೈಯಿಂದ ಆ ಕಮಟು ಹೋಗುತ್ತಿರಲಿಲ್ಲ. ನಿನ್ನ ಭಾವನಿಗೆ ಹೇಳಿದರೆ, "ಎಲ್ಲಾ ಅಂಗಡಿ ಒಳಗೂ ಅಷ್ಟೇ. ನೋಡಬಾರದು" ಎಂದು ಟಿವಿ ಕಡೆಗೆ ತಿರುಗಿದರು.

ಒಂದು ಶನಿವಾರ ಜೀರಿಗೆಯ ಮೂಟೆ ಬಿಚ್ಚಿದೆವು. ಅರ್ಧ ಜೀರಿಗೆ, ಅರ್ಧ ಇಲಿಯ ಹಿಕ್ಕೆ. ಎರಡೂ ಹೆಚ್ಚುಕಡಿಮೆ ಒಂದೇ ಆಕಾರ ನೋಡು. ಮಾವನನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, "ದಪ್ಪದ್ದು ಮಾತ್ರ ಆರಿಸಿಬಿಡಮ್ಮ, ಸಣ್ಣದು ಗೊತ್ತಾಗಲ್ಲ" ಅಂದರು. ಎಷ್ಟು ಸಲೀಸಾಗಿ! ಸೊಪ್ಪು ಬಿಡಿಸು ಅನ್ನುವ ಹಾಗೆ.

ನನಗೆ ಏನಾಯಿತೋ. ಆ ಜೀರಿಗೆಯನ್ನು ತಟ್ಟೆಗೆ ಸುರಿದುಕೊಂಡು ಹೋಗಿ ಮುಂದೆ ಕೌಂಟರಿನ ಮೇಲೆ, ಗಿರಾಕಿಗಳ ನಡುವೆ ಇಟ್ಟೆ. ಅಂಗಡಿ ತುಂಬಿತ್ತು. "ನೋಡಿ, ನೀವೆಲ್ಲ ತಿನ್ನುತ್ತಿರೋದು ಇದನ್ನೇ" ಅಂದೆ. ಹುಳುವಿನ ಬೇಳೆ, ತಾರೀಖು ಒರೆಸುವುದು, ಎಲ್ಲ ಹೇಳಿದೆ.

ಈಗ ಗಲಾಟೆಯಾಗುತ್ತದೆ, ಈಗ ಮಾವನ ಮರ್ಯಾದೆ ಹೋಗುತ್ತದೆ ಎಂದು ಕಾದೆ. ಅಂಥದ್ದೇನೂ ಆಗಲಿಲ್ಲ ಗುಬ್ಬಿ. ಮಕ್ಕಳಿಗೆ ಸಂಗೀತ ಹೇಳಿಕೊಡುವ ಟೀಚರಮ್ಮ ಒಬ್ಬರಿದ್ದಾರೆ, ಬಹಳ ಮಡಿವಂತೆ, ನಮ್ಮ ಮನೆಯ ಲೋಟವನ್ನೂ ತೊಳೆಸಿಕೊಂಡೇ ನೀರು ಕುಡಿಯುವವರು. ಅವರು ತಟ್ಟೆಯನ್ನೊಮ್ಮೆ ನೋಡಿ, "ಹುರಿದರೆ ಎಲ್ಲಾ ಹೋಗುತ್ತಮ್ಮ. ಇವರೂ ಬಾಗಿಲು ಹಾಕಿಕೊಂಡರೆ ನಾವೆಲ್ಲಿಗೆ ಹೋಗೋಣ?" ಅಂದರು. ಇನ್ನೊಬ್ಬರು, ಟೈ ಕಟ್ಟಿದ ಮನುಷ್ಯ, ಮಾವನ ಕಡೆಗೆ ವಾಲಿ ಮೆಲ್ಲಗೆ ಕೇಳಿದರು: "ಹಾಗಾದರೆ ಇದನ್ನ ಸ್ವಲ್ಪ ಕಡಿಮೆಗೆ ಕೊಡ್ತೀರಾ?"

ಅವರಿಗೆಲ್ಲ ಮೊದಲೇ ಗೊತ್ತಿತ್ತು ಕಣೇ! ಇಲಿಯ ಹಿಕ್ಕೆ ನೋಡಿ ಬರದಿದ್ದ ವಾಂತಿ ಆ ಮಾತು ಕೇಳಿ ಬಂತು. ಮೆಟ್ಟಿಲು ಹತ್ತಿ ಬೀದಿಗೆ ಓಡಿ, ಲಾಂಡ್ರಿಯ ಮುಂದಿನ ಚರಂಡಿಯಲ್ಲಿ ಕಾರಿಕೊಂಡೆ. ಲಾಂಡ್ರಿಯಾಕೆ ಬಂದು ಬೆನ್ನು ಸವರಿದಳು. ನಾನು ಯಾರು, ಯಾಕೆ ಎಂದು ಕೇಳಲೇ ಇಲ್ಲ.

ಆರೋಗ್ಯ ಇಲಾಖೆಗೆ ದೂರು ಕೊಡುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ನಿನ್ನ ಭಾವ ಟಿವಿ ಆರಿಸಿ, "ದುಡುಕಬೇಡ. ನಾಳೆ ಇಬ್ಬರೂ ಹೋಗಿ ಮಾತಾಡೋಣ, ನಾನಿರ್ತೀನಿ" ಅಂದರು. ಆ "ನಾನಿರ್ತೀನಿ" ಕೇಳಿ ಎಷ್ಟು ಹಿತವಾಯಿತು ಗೊತ್ತಾ? ನನ್ನ ಪರ ಒಬ್ಬರಾದರೂ ಇದ್ದಾರಲ್ಲ ಎಂದುಕೊಂಡೆ. ಹೋದೆವು, ಮಾತಾಡಿದರು, ಬಂದೆವು. ಬರುವಾಗ ಅವರ ಕೈಯಲ್ಲಿ ಮಾವ ಪ್ರೀತಿಯಿಂದ ಕೊಟ್ಟ ಚೀಲ: ಬೇಳೆ, ಹುಣಸೆಹಣ್ಣು, ಇಂಗಿನ ಡಬ್ಬಿ. ನಾನದನ್ನು ಮನೆ ಮುಂದಿನ ಕಸದ ತೊಟ್ಟಿಗೆ ಹಾಕಿದೆ. ಮರುದಿನವೇ ಹೋಗಿ ದೂರನ್ನೂ ಕೊಟ್ಟೆ. ಅಧಿಕಾರಿಗಳು ಬಂದು ಒಂದಷ್ಟು ಮೂಟೆ ಎಸೆಸಿದರು. ಮಾವ ಗೋಡೆಗೆ ಸುಣ್ಣ ಹೊಡೆಸಿ, ಅದೇ ವಾರ ಮತ್ತೆ ಬಾಗಿಲು ತೆಗೆದರು. ಜನ ಮೊದಲಿಗಿಂತ ಜಾಸ್ತಿಯೇ ಹೋಗುತ್ತಿದ್ದಾರಂತೆ, ಪಾಪ ಮಾವನಿಗೆ ಹೀಗಾಯಿತಲ್ಲ ಎಂದು.

ನನ್ನನ್ನು ಯಾರೂ ಬೈಯಲಿಲ್ಲ, ಅದೇ ವಿಚಿತ್ರ. ಬಸ್ಸಿನಲ್ಲಿ ಸಿಕ್ಕರೆ ಮೆತ್ತಗೆ ಮಾತಾಡಿಸುತ್ತಾರೆ, ಜ್ವರ ಬಂದು ಮಲಗಿದವರನ್ನು ಮಾತಾಡಿಸುವ ಹಾಗೆ. ಟೀಚರಮ್ಮ ಮೊನ್ನೆ ಕೆನ್ನೆ ಸವರಿ, "ವಿಶ್ರಾಂತಿ ತಗೋಮ್ಮ" ಅಂದರು. ಅವರ ಕೈಯಲ್ಲಿ ಅದೇ ಅಂಗಡಿಯ ಚೀಲವಿತ್ತು. ಮನೆಗೆ ಬಂದು ಕೆನ್ನೆ ತೊಳೆದುಕೊಂಡೆ.

ಈಗ ನಾನು ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡುತ್ತೇನೆ. ಬಿಸಿ ಹಬೆ, ಬಿಳಿ ಬಟ್ಟೆ, ಮೂಗಿಗೆ ಸುಖ. ಒಗ್ಗರಣೆಗೆ ಬೆಳ್ಳುಳ್ಳಿ ಮಾತ್ರ. ತರಕಾರಿಗೆ ಉಪ್ಪು, ಆ ಸೀಸೆಯ ಮೆಣಸಿನಪುಡಿ, ನಿಂಬೆರಸ. ಸಪ್ಪೆಯೇ, ಆದರೆ ನುಂಗುವಾಗ ಹೆದರಿಕೆಯಿಲ್ಲ. ನಿನ್ನ ಭಾವ ಹೊರಗೆ ತಿಂದು ಬರುತ್ತಾರೆ.

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಬೇಡ, ನಾನು ದಪ್ಪಗಾಗಿದ್ದೇನೆ ಎಂದು ಹೇಳು. ನೀನು ಬಾಣಂತಿ, ತಣ್ಣೀರಿಗೆ ಕೈ ಹಾಕಬೇಡ, ಯಾರು ಏನೇ ಅಂದರೂ ಹೊಟ್ಟೆ ತುಂಬಾ ಉಣ್ಣು. ಕೂಸಿಗೆ ಆಯಸ್ಸು ಆರೋಗ್ಯ ತುಂಬಿ ಬರಲಿ, ಮೂಗು ಮಾತ್ರ ಬೆಳೆಯದಿರಲಿ. ಅದರ ಎರಡೂ ಅಂಗಾಲಿಗೆ ನನ್ನ ಮುತ್ತು.

ಇಂತಿ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ಭಾನುವಾರ ಅಂಗಡಿಯಲ್ಲಿ ನಿನ್ನ ಭಾವ ಏನು ಮಾತಾಡಿದರು ಎಂದು ಬರೆಯದೆ ಬಿಟ್ಟಿದ್ದೆ. ಎಲ್ಲರೂ ನೋಡುತ್ತಿದ್ದ ಹಾಗೆ ಮಾವನ ಎರಡೂ ಕೈ ಹಿಡಿದುಕೊಂಡು ಹೇಳಿದರು: "ಕ್ಷಮಿಸಿಬಿಡಿ ಮಾವ. ಆಗಸ್ಟಿನಲ್ಲಿ ಹೊಟ್ಟೆಯಲ್ಲಿದ್ದ ಮಗು ಹೋಯ್ತು. ಆವತ್ತಿಂದ ಇವಳ ತಲೆ ಸರಿಯಿಲ್ಲ, ಏನು ನೋಡಿದರೂ ಕೊಳೆತ ಹಾಗೇ ಕಾಣುತ್ತೆ." ಮಾವ ಅಯ್ಯೋ ಪಾಪ ಅಂದರು. ಚೀಲ ತುಂಬಿಸಿಕೊಟ್ಟಿದ್ದು ಆಮೇಲೆ.

ನಾಲ್ಕನೇ ತಿಂಗಳು ನಡೆಯುತ್ತಿತ್ತು, ಗುಬ್ಬಿ. ಆಗ ನಿನಗೆ ದಿನ ತುಂಬುತ್ತಿತ್ತು, ಹೆದರಿಸಬಾರದು ಎಂದು ಬಾಯಿ ಬಿಗಿಹಿಡಿದೆ. ಅಮ್ಮನಿಗೂ ಹೇಳಲಿಲ್ಲ. ಯಾರ ಹತ್ತಿರವೂ ಹೇಳಬೇಡಿ ಎಂದು ನಿನ್ನ ಭಾವನಿಂದ ಆಣೆ ಹಾಕಿಸಿಕೊಂಡಿದ್ದೆ. ನಿನಗೆ ಗೊತ್ತಾಗುವುದಕ್ಕೆ ಮೊದಲು ಅಂಗಡಿ ಮಾವನಿಗೆ ಗೊತ್ತಾಯಿತು.